ಹಸ್ತಪ್ರತಿಗೊಬ್ಬ ವಕೀಲ

ಕಳೆದ ಭಾನುವಾರ ಬೆಳಗ್ಗೆ ಹಲಸೂರಿನಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಒಂದು ಕೈಯಲ್ಲಿ ಆರು ವರ್ಷ ಶ್ರಮಿಸಿ ಬರೆದ ಕಾದಂಬರಿಯ ಇಂಗ್ಲಿಷ್ ಅನುವಾದ. ಇನ್ನೊಂದರಲ್ಲಿ ದೂರದ ನಗರದ ಸಾಹಿತ್ಯ ಏಜೆಂಟರೊಬ್ಬರು ಕಳುಹಿಸಿದ ಕರಾರುಪತ್ರ. “ಸಾರ್, ಸಹಿ ಹಾಕಲೇ, ಬೇಡವೇ? ನಾಳೆ ಸಂಜೆಯೊಳಗೆ ತಿಳಿಸಬೇಕಂತೆ” ಎಂದಳು. ಮುಂದಿಟ್ಟ ಕಾಫಿಯನ್ನು ಮುಟ್ಟಲಿಲ್ಲ.

ಏಜೆಂಟರೆಂಬವರು ಕನ್ನಡ ಗ್ರಂಥಕರ್ತರಿಗೆ ಇಂದಿಗೂ ಬಹುಮಟ್ಟಿಗೆ ಅಪರಿಚಿತರೇ. ಹಸ್ತಪ್ರತಿಯನ್ನು ಬಗಲಲ್ಲಿಟ್ಟುಕೊಂಡು ತಾವೇ ಪ್ರಕಾಶಕರ ಬಾಗಿಲು ತಟ್ಟುವುದು ನಮ್ಮವರ ವಾಡಿಕೆ. ಆದರೆ 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿ ಅವರ ಅನುವಾದದ ಮೂಲಕ ಅಂತರರಾಷ್ಟ್ರೀಯ ಬೂಕರ್ ಬಹುಮಾನವನ್ನು ಪಡೆದು, 50,000 ಪೌಂಡುಗಳು ಇಬ್ಬರಿಗೂ ಸಮನಾಗಿ ಹಂಚಿಕೆಯಾದವು. ಇದನ್ನು ಕಂಡ ಎಳೆಯ ಲೇಖಕರಲ್ಲಿ ಕಡಲಾಚೆಯ ಆಸೆ ಚಿಗುರಿದರೆ ಆಶ್ಚರ್ಯವೇನು? ಅಲ್ಲಿನ ಅನೇಕ ದೊಡ್ಡ ಪ್ರಕಾಶಕರಾದರೋ ಏಜೆಂಟರ ಮೂಲಕ ಬಾರದ ಹಸ್ತಪ್ರತಿಯನ್ನು ಬಿಚ್ಚಿಯೂ ನೋಡರು.

ನಾನು ಅವಳಿಗೆ ನಮ್ಮ ದಂಡುಪ್ರದೇಶದ ಹಳೆಯ ಪ್ರಸಂಗವೊಂದನ್ನು ಹೇಳಿದೆ. 1896ರಲ್ಲಿ ಅಶ್ವದಳದ ಕಿರಿಯ ಅಧಿಕಾರಿಯಾಗಿ ಬೆಂಗಳೂರು ಕಂಟೋನ್ಮೆಂಟಿಗೆ ಬಂದ ವಿನ್‌ಸ್ಟನ್ ಚರ್ಚಿಲ್, ಮರುವರ್ಷ ವಾಯವ್ಯ ಗಡಿಯ ಯುದ್ಧವನ್ನು ಕಂಡು ಮರಳಿ, ಇಲ್ಲಿಯೇ ಕುಳಿತು ಮಲಾಕಂಡ್ ದಂಡಯಾತ್ರೆಯನ್ನು ಕುರಿತ ತನ್ನ ಮೊದಲ ಗ್ರಂಥವನ್ನು ಬರೆದನು. ಅದೇ ವಿಷಯವನ್ನು ಇನ್ನೊಬ್ಬ ಅಧಿಕಾರಿಯೂ ಬರೆಯುತ್ತಿದ್ದುದರಿಂದ ಅವನಿಗೆ ಎಲ್ಲಿಲ್ಲದ ಅವಸರ. ಡಿಸೆಂಬರ್ 31ರಂದು ಹಸ್ತಪ್ರತಿಯನ್ನು ಲಂಡನ್ನಿನಲ್ಲಿದ್ದ ತಾಯಿಗೆ ಕಳುಹಿಸಿದನು. ಆಕೆ ಬಾಲ್‌ಫರ್ ಅವರ ಸಲಹೆಯಂತೆ ಅದನ್ನು ಎ. ಪಿ. ವ್ಯಾಟ್ ಎಂಬ ಹೆಸರಾಂತ ಸಾಹಿತ್ಯ ಏಜೆಂಟನ ಕೈಗಿತ್ತಳು. ವ್ಯಾಟ್ ತನ್ನ ಕಸಬನ್ನು ಬಲ್ಲವನು. ಲಾಂಗ್‌ಮನ್ಸ್ ಸಂಸ್ಥೆಯವರು 1898ರ ಮಾರ್ಚಿನಲ್ಲಿಯೇ ಪುಸ್ತಕವನ್ನು ಹೊರತಂದರು. ಆದರೆ ಕರಡಚ್ಚು ಬೆಂಗಳೂರಿಗೆ ಬಂದುಹೋಗುವಷ್ಟು ಕಾಲವಿಲ್ಲವೆಂದು ಅದನ್ನು ತಿದ್ದುವ ಕೆಲಸವನ್ನು ಬಂಧುವೊಬ್ಬರಿಗೆ ಒಪ್ಪಿಸಲಾಗಿತ್ತು. ಅಚ್ಚಾದ ಪುಸ್ತಕದ ತುಂಬ ತಪ್ಪುಗಳನ್ನು ಕಂಡು ಚರ್ಚಿಲ್ ಕುದಿದುಹೋದನು.

“ನೋಡಮ್ಮಾ, ಬಂಧುವಿಗೆ ಪ್ರೀತಿಯೇನೋ ಇತ್ತು, ಕಸಬು ತಿಳಿದಿರಲಿಲ್ಲ. ನಿನ್ನ ಏಜೆಂಟರ ಪತ್ರದಲ್ಲಿ ಹೊಗಳಿಕೆ ಧಾರಾಳವಾಗಿದೆ. ಕಸಬು ಎಷ್ಟಿದೆಯೋ ನೋಡೋಣ” ಎಂದು ಕರಾರನ್ನು ಓದತೊಡಗಿದೆ.

ಏಜೆಂಟನು ಗ್ರಂಥಕರ್ತನ ವಕೀಲನಿದ್ದಂತೆ. ಲೇಖಕನಿಗೆ ಬಂದ ಹಣದಲ್ಲಿ ಸಾಮಾನ್ಯವಾಗಿ ಶೇಕಡಾ 15, ಹೊರದೇಶದ ಹಕ್ಕುಗಳಿಗೆ ಶೇಕಡಾ 20ರಂತೆ ಪಾಲು ಪಡೆಯುತ್ತಾನೆ. ಲೇಖಕ ಗಳಿಸಿದರೆ ಮಾತ್ರ ಅವನಿಗೂ ಗಳಿಕೆ. ಹಸ್ತಪ್ರತಿಯನ್ನು ಓದುವುದಕ್ಕೇ ಶುಲ್ಕ ಕೇಳುವವನನ್ನು ದೂರದಿಂದಲೇ ನಮಸ್ಕರಿಸಿ ಕಳುಹಿಸಬೇಕು. ಈ ಏಜೆಂಟರು ಶುಲ್ಕ ಕೇಳಿರಲಿಲ್ಲ. ಪಾಲೂ ನ್ಯಾಯವಾಗಿಯೇ ಇತ್ತು. ಆದರೆ ಐದನೆಯ ಷರತ್ತಿನಲ್ಲಿ ಅವಳು ಮುಂದೆ ಬರೆಯುವ ಎಲ್ಲ ಕೃತಿಗಳೂ ಸಿನಿಮಾ ಹಕ್ಕುಗಳೂ ಸೇರಿಹೋಗಿದ್ದವು. ಒಪ್ಪಂದವನ್ನು ಮುರಿದುಕೊಳ್ಳುವ ದಾರಿ ಎಲ್ಲಿಯೂ ಕಾಣಲಿಲ್ಲ. ಪ್ರಕಾಶಕರಿಗೆ ಹಕ್ಕನ್ನು ಬರೆದುಕೊಡುವಾಗ ಅವಧಿಯನ್ನು ಕಾಣಿಸದಿದ್ದರೆ ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆ ಅದನ್ನು ಐದು ವರ್ಷವೆಂದು ಎಣಿಸುತ್ತದೆ. ಆದರೆ ‘ಎಂದೆಂದಿಗೂ’ ಎಂದು ಬರೆದುದಕ್ಕೆ ತಾವೇ ಸಹಿ ಹಾಕಿದವರನ್ನು ಯಾವ ಕಾಯಿದೆ ಕಾದೀತು?

“ಫೋನು ಮಾಡಿ ನಾಲ್ಕು ಪ್ರಶ್ನೆ ಕೇಳು” ಎಂದೆ. “ಈ ಪುಸ್ತಕ ಯಾವ ಪ್ರಕಾಶಕರಿಗೆ ಹೊಂದುತ್ತದೆ? ಏನನ್ನು ತಿದ್ದಬೇಕು? ಅನುವಾದಕರ ಪಾಲೆಷ್ಟು? ನಮ್ಮಿಬ್ಬರಿಗೆ ಸರಿಬೀಳದಿದ್ದರೆ ಬಿಡುಗಡೆ ಹೇಗೆ?”

ಅವಳು ಅಲ್ಲಿಂದಲೇ ಫೋನು ಮಾಡಿದಳು. ಎರಡನೆಯ ಪ್ರಶ್ನೆಗೆ ಆ ಕಡೆ ಸ್ವಲ್ಪ ಹೊತ್ತು ಮೌನ. ಕಡೆಗೆ ಆತ ಪ್ರಾಮಾಣಿಕವಾಗಿಯೇ ಹೇಳಿದರಂತೆ: ತಾವು ಓದಿದ್ದು ಮೊದಲ ಮೂರು ಅಧ್ಯಾಯ ಮಾತ್ರ, ಪೂರ್ತಿ ಓದಲು ಎರಡು ವಾರ ಬೇಕು, ಐದನೆಯ ಷರತ್ತನ್ನು ಈ ಒಂದು ಪುಸ್ತಕಕ್ಕೆ ಸೀಮಿತಗೊಳಿಸಲು ಅಡ್ಡಿಯಿಲ್ಲ.

“ಓದಲಿ ಸಾರ್” ಎಂದಳು ಹುಡುಗಿ. “ಆರು ವರ್ಷ ಬರೆದವಳಿಗೆ ಎರಡು ವಾರ ಹೆಚ್ಚೇ?” ಕರಾರುಪತ್ರವನ್ನು ಮಡಿಸಿ ಚೀಲಕ್ಕೆ ಸೇರಿಸಿ, ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದಳು.