ಶೇ 60 ಕನ್ನಡ, ಓದೋಕೆ ಎಷ್ಟು?

ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನ ಮೊಣಕಾಲು ತೋರಿಸೋಕೆ ಕಲಬುರಗಿಯ ಒಂದು ಆಸ್ಪತ್ರೆಗೆ ಹೋಗಿದ್ವಿ. ಗೇಟಿನ ಮೇಲೆ ದೊಡ್ಡ ಬೋರ್ಡು. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ದಿನಾ ಪೇಪರ್ ಓದೋ ಅಪ್ಪ ಅದರ ಮುಂದೆ ನಿಂತು ಕಣ್ಣು ಕಿರಿದು ಮಾಡಿ, "ಏನ್ ಬರ್ದಾರಪ ಇದು? ಕಾಣವಲ್ದು" ಅಂದರು. ನಾನು ಓದಿ ಹೇಳಿದೆ. ಓದಿದ್ದು ಇಂಗ್ಲಿಷ್ ಸಾಲು.

ತಪ್ಪು ಅಪ್ಪನ ಕಣ್ಣಿನದಲ್ಲ. ತಿಳಿ ಹಸಿರಿನ ಮೇಲೆ ಹಳದಿ ಅಕ್ಷರ. 'ಶಸ್ತ್ರಚಿಕಿತ್ಸೆ'ಯ ಒತ್ತುಗಳೆಲ್ಲ ಕೆಳಗಿನ ಇಂಗ್ಲಿಷ್ ಸಾಲಿನ ತಲೆ ಮೇಲೆ ಕೂತಿದ್ದವು. ಇಂಗ್ಲಿಷ್ ಮಾತ್ರ ದಪ್ಪಗೆ, ಕಡುನೀಲಿ.

2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಒಳ್ಳೇದೇ. ಆದರೆ ಕಾನೂನು ಜಾಗ ಅಳೆಯುತ್ತೆ, ಓದು ಅಳೆಯಲ್ಲ. ಓದಿಸೋದು ಡಿಸೈನಿನ ಕೆಲಸ. ಅದರ ಮೊದಲ ಪಾಠಗಳು ಕಾಂಟ್ರಾಸ್ಟ್, ಖಾಲಿ ಜಾಗ, ಯಾವುದು ಮೊದಲು ಕಣ್ಣಿಗೆ ಬೀಳಬೇಕು ಅನ್ನೋ ಕ್ರಮ. ಈ ಮೂರೂ ಇಂಗ್ಲಿಷಿಗೆ ಸಿಗುತ್ತವೆ, ಕನ್ನಡಕ್ಕೆ ಉಳಿದ ಜಾಗ ಸಿಗುತ್ತೆ.

"ಕನ್ನಡ ಲಿಪಿ ಡಿಸೈನಿಗೆ ಕೂರಲ್ಲ" ಅಂತ ನಮ್ಮ ಆಫೀಸುಗಳಲ್ಲೂ ಅಂತಾರೆ. ಕೂರಲ್ಲ ಅಲ್ಲ ಸ್ವಾಮಿ, ನಾವು ಕೂರಿಸಿಲ್ಲ. ಇಂಗ್ಲಿಷ್ ಕ್ಯಾಪಿಟಲ್ ಅಕ್ಷರಗಳೆಲ್ಲ ಒಂದೇ ಎತ್ತರ, ಯಾವ ಡಬ್ಬಿಗೂ ಹಿಡಿಸುತ್ತವೆ. ಕನ್ನಡದಲ್ಲಿ ಗುಡಿಸು ಮೇಲೆ ಏಳುತ್ತೆ, ಒತ್ತು ಕೆಳಗಿಳಿಯುತ್ತೆ. ಸಾಲಿನ ನಡುವೆ ಹೆಚ್ಚು ಜಾಗ ಬೇಕು. ನಮಗೆ ಕ್ಯಾಪಿಟಲ್ ಇಲ್ಲ, ಹಾಗಾಗಿ ಮುಖ್ಯವಾದದ್ದನ್ನು ಗಾತ್ರ, ದಪ್ಪ, ಬಣ್ಣದಿಂದಲೇ ತೋರಿಸಬೇಕು. ಇಷ್ಟೇ ವಿಷಯ.

ಬೈಯೋಕೆ ನನಗೇನು ಹಕ್ಕು? ಇಂಗ್ಲಿಷ್ ನೋಡಿಕೊಂಡೇ ಬಟನ್ನಿನ ಎತ್ತರ ಫಿಕ್ಸ್ ಮಾಡಿ, ಕನ್ನಡದ ಒತ್ತು ಕತ್ತರಿಸಿದವನು ನಾನೂ ಹೌದು. ಆ ಬಗ್ 'ಲೋ ಪ್ರಯಾರಿಟಿ' ಪಟ್ಟಿ ಸೇರಿತು. ವೆಬ್‌ನ ಡಬ್ಲ್ಯೂಸಿಎಜಿ ನಿಯಮದಲ್ಲಿ ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ ಬೇಕು ಅಂತಿದೆ. ನಮಗೆಲ್ಲ ಇದು ಬಾಯಿಪಾಠ. ಕನ್ನಡ ಸ್ಕ್ರೀನ್ ಬಂದಾಗ ಮಾತ್ರ ಮರೆತುಹೋಗುತ್ತೆ.

ಸಂಜೆ ವಾಪಸ್ ಬರುವಾಗ ಕಮಲಾಪುರದಲ್ಲಿ ರಸ್ತೆ ಬದಿ ಕೆಂಪು ಬಾಳೆ ಗೊನೆಗಳು ತೂಗುತ್ತಿದ್ದವು, ಜಿಐ ಟ್ಯಾಗ್ ಪಡೆದ ನಮ್ಮೂರ ಹಣ್ಣು. ಬೋರ್ಡೇ ಇಲ್ಲ. ಹಸಿರೆಲೆ ಮುಂದೆ ಕೆಂಪು ಗೊನೆ, ಸುತ್ತ ಒಂದಿಷ್ಟು ಖಾಲಿ ಜಾಗ. ಓಡೋ ಬಸ್ಸಿನಿಂದಲೇ ಅಪ್ಪ ಗುರುತಿಸಿದರು. ಡಿಸೈನ್ ಕೋರ್ಸ್ ಮಾಡದ ಆ ಮಾರಾಟಗಾರ್ತಿಗೆ ಗಿರಾಕಿಯ ಕಣ್ಣು ಮುಖ್ಯ. ನಮಗೆ ಅದು ಮುಖ್ಯವಾಗಿಲ್ಲ, ಅಷ್ಟೇ.

ಮುಂದಿನ ಸಲ ಮಾಕ್‌ಅಪ್ ಮಾಡುವಾಗ ಕನ್ನಡ ಮೊದಲು ಹಾಕಿ ನೋಡಿ. 'ಶಸ್ತ್ರಚಿಕಿತ್ಸೆ' ಹಿಡಿಸೋ ಡಬ್ಬಿಯಲ್ಲಿ ಇಂಗ್ಲಿಷಿನ 'ಸರ್ಜರಿ' ಆರಾಮಾಗಿ ಕೂರುತ್ತೆ. ಉಲ್ಟಾ ಮಾಡಿದ್ರೆ ಒತ್ತು ಹೋಗುತ್ತೆ, ಜೊತೆಗೆ ನಮ್ಮಪ್ಪನಂಥ ಓದುಗನೂ ಹೋಗ್ತಾನೆ.