‘ಪ್ರಾಣಾಪಾಯವಿಲ್ಲ’ ಅಂದರೆ ಚಿಕಿತ್ಸೆ ಮುಗಿಯಿತೇ?

ವಿಮಾನ ಬಿದ್ದ ಸಂಜೆಯೇ ಪ್ರೆಸ್ ನೋಟ್ ಬರುತ್ತದೆ. ಗಾಯಾಳುಗಳು ಪ್ರಾಣಾಪಾಯದಿಂದ ಪಾರು, ಚಿಕಿತ್ಸೆಯ ವೆಚ್ಚ ಸರ್ಕಾರದ್ದು. ಇಷ್ಟೇ. ಜಿಲ್ಲೆಗಳಲ್ಲಿ ಸುದ್ದಿ ಬರೆಯುವ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಚಿಕಿತ್ಸೆ, ಎಲ್ಲಿಯವರೆಗೆ?

ಇದು ದೂರದ ಮಾತಲ್ಲ. ಜಕ್ಕೂರು, ಬೆಳಗಾವಿಯ ಸಾಂಬ್ರಾ, ಕಲಬುರಗಿ ಎಲ್ಲ ಕಡೆಯೂ ಹಾರಾಟ ತರಬೇತಿ ನಡೆಯುತ್ತಿದೆ. 2023ರ ಮೇ 30ರಂದು ಬೆಳಗಾವಿಯ ಹೊನ್ನಿಹಾಳದ ಬಳಿ ತರಬೇತಿ ವಿಮಾನವೊಂದು ಹೊಲದಲ್ಲಿ ಇಳಿಯಿತು. ಎರಡೇ ದಿನಕ್ಕೆ, ಜೂನ್ 1ರಂದು, ಚಾಮರಾಜನಗರದ ಭೋಗಾಪುರದ ಬಳಿ ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಿತ್ತು. ಎರಡೂ ಕಡೆ ವಿಮಾನದಲ್ಲಿದ್ದವರು ಬದುಕುಳಿದರು. ಆದರೆ ಪ್ರತಿ ಸಲವೂ ಅದೃಷ್ಟವನ್ನೇ ಆರೋಗ್ಯ ನೀತಿ ಅಂದುಕೊಂಡು ಕೂರಲು ಆಗುತ್ತದೆಯೇ?

ಪಿಸ್ಟನ್ ಎಂಜಿನ್‌ನ ಸಣ್ಣ ವಿಮಾನಗಳು ಸಾಮಾನ್ಯವಾಗಿ ಓಡುವುದು ಪೆಟ್ರೋಲಿನ ಜಾತಿಯ ಇಂಧನದಲ್ಲಿ. ಸೆಸ್ನಾ 172ರಂಥ ನಾಲ್ಕು ಸೀಟಿನ ವಿಮಾನದ ರೆಕ್ಕೆಗಳಲ್ಲಿ ಸುಮಾರು 200 ಲೀಟರ್ ಹಿಡಿಯುತ್ತದೆ. ಟ್ಯಾಂಕ್ ಒಡೆದು ಕಿಡಿ ತಗುಲಿದರೆ ಮೊದಲು ಬೇಯುವುದು ಮುಖ ಮತ್ತು ಕೈ. ಸ್ಫೋಟವಾದರೆ ಕಿವಿಯ ತಮಟೆಯೂ ಹರಿಯಬಹುದು. ಚರ್ಮದ ಕಸಿ ಮಾಡಿ, ಸೋಂಕು ತಡೆದು ರೋಗಿಯನ್ನು ಮನೆಗೆ ಕಳಿಸಿದಾಗ ಅರ್ಧ ಕೆಲಸ ಆಗಿರುತ್ತದೆ. ಉಳಿದರ್ಧ ಶುರುವಾಗುವುದು ಆಮೇಲೆ.

ಗಾಯ ಮಾಯ್ದ ಮೇಲೂ ಕಲೆ ಉಬ್ಬುತ್ತದೆ, ಗಟ್ಟಿಯಾಗುತ್ತದೆ, ಸುತ್ತಲಿನ ಚರ್ಮವನ್ನು ಎಳೆಯುತ್ತದೆ. ಬೆರಳು ಮಡಚಿಕೊಳ್ಳುತ್ತವೆ, ಕುತ್ತಿಗೆ ಎದೆಗೆ ಅಂಟಿದಂತಾಗುತ್ತದೆ, ರೆಪ್ಪೆ ಮುಚ್ಚಲಾಗದೆ ಕಣ್ಣು ಒಣಗುತ್ತದೆ. ಇದನ್ನು ತಡೆಯಲು ಪ್ರೆಶರ್ ಗಾರ್ಮೆಂಟ್ ಎಂಬ ಬಿಗಿಯುಡುಪನ್ನು ದಿನಕ್ಕೆ 23 ಗಂಟೆ, ವರ್ಷವೋ ಅದಕ್ಕೂ ಹೆಚ್ಚೋ ತೊಡಬೇಕು. ಸ್ಪ್ಲಿಂಟ್ ಕಟ್ಟಬೇಕು, ದಿನವೂ ಫಿಸಿಯೋಥೆರಪಿ ಬೇಕು. ಮಗುವಾದರೆ ಮೈ ಬೆಳೆಯುತ್ತದೆ, ಕಲೆ ಅಷ್ಟು ಬೆಳೆಯುವುದಿಲ್ಲ. ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ರಾತ್ರಿ ಬೆಚ್ಚಿ ಏಳುವವರಿಗೆ ಮನಸ್ಸಿನ ಚಿಕಿತ್ಸೆಯೂ ಬೇಕು.

ಈಗ ಸರ್ಕಾರದ ಲೆಕ್ಕ ನೋಡಿ. ಆಯುಷ್ಮಾನ್ ಭಾರತ್ ಯೋಜನೆ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ವೆಚ್ಚ ಭರಿಸುತ್ತದೆ. ಡಿಸ್ಚಾರ್ಜ್ ಆದ ಮೇಲಿನ ಔಷಧಿ, ಪರೀಕ್ಷೆಗೆ ಅದರಲ್ಲಿರುವುದು 15 ದಿನ. ವರ್ಷದ ಕಾಯಿಲೆಗೆ ಹದಿನೈದು ದಿನದ ಮದ್ದು! 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಸಿಡ್ ದಾಳಿಗೆ ತುತ್ತಾದವರ ಹೆಸರಿದೆ, ಇರಲೇಬೇಕು. ಬೆಂಕಿಯಲ್ಲಿ ಬೆಂದವರ ಹೆಸರಿಲ್ಲ. ಅವರು ಬೇರೆ ಯಾವುದಾದರೂ ಬಗೆಯೊಳಗೆ ತೂರಿಕೊಂಡು ಪ್ರಮಾಣಪತ್ರ ಪಡೆಯಬೇಕು.

ಹೀಗೇ ಇರಬೇಕೆಂದೇನಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಸಣ್ಣ ಯುದ್ಧವಿಮಾನಗಳ ಕಾಕ್‌ಪಿಟ್‌ನಲ್ಲಿ ಬೆಂದ ಪೈಲಟ್‌ಗಳನ್ನು ಈಸ್ಟ್ ಗ್ರಿನ್‌ಸ್ಟೆಡ್ ಎಂಬ ಊರಿನ ಆಸ್ಪತ್ರೆಗೆ ತರುತ್ತಿದ್ದರು. ಅಲ್ಲಿದ್ದ ಸರ್ಜನ್ ಆರ್ಚಿಬಾಲ್ಡ್ ಮ್ಯಾಕಿಂಡೋ ಕಸಿ ಮಾಡಿ ಕೈತೊಳೆದುಕೊಳ್ಳಲಿಲ್ಲ. ಊರವರಿಗೆ ಹೇಳಿ ರೋಗಿಗಳನ್ನು ಮನೆಗೆ, ಪಬ್ಬಿಗೆ ಕರೆಸಿದರು. ‘ದಿಟ್ಟಿಸಿ ನೋಡದ ಊರು’ ಎಂದೇ ಅದು ಹೆಸರಾಯಿತು. 90 ದಿನದಲ್ಲಿ ಗುಣವಾಗದವರನ್ನು ಸೇವೆಯಿಂದ ಬಿಡಿಸುವ ನಿಯಮದ ವಿರುದ್ಧ ಜಗಳ ಆಡಿದರು. 1941ರಲ್ಲಿ ಆ ರೋಗಿಗಳೇ ಕಟ್ಟಿಕೊಂಡ ‘ಗಿನಿ ಪಿಗ್ ಕ್ಲಬ್’ನಲ್ಲಿ ಯುದ್ಧ ಮುಗಿಯುವಾಗ 649 ಸದಸ್ಯರಿದ್ದರು. ಅವರ ವಾರ್ಷಿಕ ಕೂಟ 2007ರವರೆಗೂ ನಡೆಯಿತು. ಫಾಲೋಅಪ್ ಅಂದರೆ ಅದು.

ಅಪರೂಪದ ಅಪಘಾತಕ್ಕೆ ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ಅವರಿಗೆ ನಮ್ಮ ಉತ್ತರ: ವಿಮಾನ ಅಪರೂಪ, ಬೆಂಕಿ ಅಪರೂಪವಲ್ಲ. ಸಿಲಿಂಡರ್ ಸಿಡಿದು ಸುಟ್ಟ ಅಡುಗೆಯಾಳಿಗೂ ಪಟಾಕಿ ಗೋದಾಮಿನ ಕೂಲಿಗೂ ಬೇಕಿರುವುದು ಇದೇ ಬಿಗಿಯುಡುಪು, ಇದೇ ವ್ಯಾಯಾಮ. ಕಲಬುರಗಿಯ ಗಾಯಾಳು ಬೆರಳು ತೋರಿಸಲು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೇ ಬರಬೇಕೆಂದರೆ, ಒಂದು ಕಡೆಗೇ ಸುಮಾರು 600 ಕಿಲೋಮೀಟರ್. ಜೊತೆಗೊಬ್ಬರು, ಇಬ್ಬರ ಕೂಲಿಯೂ ಖೋತಾ. ಎರಡನೇ ಸಲ ಅವರು ಬರುವುದಿಲ್ಲ. ದಾಖಲೆಯಲ್ಲಿ ಆಗ ‘ರೋಗಿ ಬರಲಿಲ್ಲ’ ಎಂದು ತಪ್ಪು ಅವರ ತಲೆಗೇ ಬರುತ್ತದೆ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಸುಟ್ಟಗಾಯಕ್ಕೆ 15 ದಿನದ ಮಿತಿ ತೆಗೆದು ಕಲೆ ಪಕ್ವವಾಗುವವರೆಗೆ ವೆಚ್ಚ ಕೊಡಿ. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಸುಟ್ಟಗಾಯದ ಫಾಲೋಅಪ್ ಕ್ಲಿನಿಕ್ ನಡೆಸಿ, ಬಿಗಿಯುಡುಪು ಉಚಿತವಾಗಿ ಕೊಡಿ, ಪ್ರಯಾಣಭತ್ಯೆ ಸೇರಿಸಿ. ಊರ ಮೇಲೆ ವಿಮಾನ ಹಾರಿಸಲು ಅನುಮತಿ ಕೊಡುವಾಗ ಕೆಳಗಿನ ಆಸ್ಪತ್ರೆಯಲ್ಲಿ ಏನಿದೆ ಎಂದೂ ನೋಡಿ. ಮುಂದಿನ ಸಲ ‘ಪ್ರಾಣಾಪಾಯವಿಲ್ಲ’ ಎಂಬ ಪ್ರೆಸ್ ನೋಟ್ ಬಂದಾಗ, ಗೆಳೆಯರೇ, ಅದರ ಮೇಲೊಂದು ತಾರೀಖು ಬರೆದಿಡೋಣ. ಆರು ತಿಂಗಳ ನಂತರದ ತಾರೀಖು. ಅವತ್ತು ಗಾಯಾಳುವಿನ ಮನೆಗೂ ಹೋಗೋಣ, ಡಿಸಿ ಕಚೇರಿಗೂ ಹೋಗೋಣ.