ಬಿಸಿಲಿಗೆ ಬೀಳುವ ಗೋಡೆ

"ಹೊಳೆ ದಂಡೆಯ ಮಣ್ಣಿನ ಮನೆ ರಿಪೇರಿ ಮಾಡುವುದೇ ದಂಡ. ಕೆಡವಿ ಸ್ಲ್ಯಾಬ್ ಹಾಕಿ, ಇಲ್ಲವೇ ಊರು ಬಿಡಿ" ಎನ್ನುವವರು ಪ್ರತಿ ನೆರೆಯ ಬೆನ್ನಿಗೇ ಬರುತ್ತಾರೆ.

ಮೊದಲು ಊರು ಬಿಡುವ ಮಾತು. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಪುನರ್ವಸತಿಯ 'ಆಸರೆ' ಮನೆಗಳು ಎದ್ದವು. ಎಷ್ಟೋ ಮಂದಿ ಅಲ್ಲಿಗೆ ಹೋಗಲೇ ಇಲ್ಲ, ಹೋದ ಕೆಲವರೂ ತಿರುಗಿ ಬಂದರು. ಎತ್ತು ಎಲ್ಲಿ ಕಟ್ಟಬೇಕು, ಕಣಿಕೆಯ ಬಣವೆ ಎಲ್ಲಿ ಒಟ್ಟಬೇಕು ಎಂಬುದಕ್ಕೆ ಆ ನಕ್ಷೆಯಲ್ಲಿ ಜಾಗವಿರಲಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ, ಘಟಪ್ರಭೆ ಮತ್ತೆ ಉಕ್ಕಿದಾಗ "ಆಗಲೇ ಹೇಳಿರಲಿಲ್ಲವೇ?" ಎಂದರು. ಹೇಳಿದ್ದಿರಿ, ನಿಜ. ಏನು ಬೇಕೆಂದು ಮಾತ್ರ ಕೇಳಿರಲಿಲ್ಲ.

ಇನ್ನು ಸಿಮೆಂಟು. ನೆನೆದ ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಹೊಡೆದರೆ ತೇವ ಒಳಗೇ ಉಳಿಯುತ್ತದೆ. ಹೊರಗೆ ಗಟ್ಟಿ, ಒಳಗೆ ಕೆಸರು. ಮಣ್ಣು, ಸುಣ್ಣದ ಲೇಪ ತೇವವನ್ನು ಹೊರಬಿಡುತ್ತದೆ. ಹೊಸದಾಗಿ ಸ್ಲ್ಯಾಬ್ ಮನೆ ಕಟ್ಟುವವರಿಗೂ ಸಮಾಧಾನವಿಲ್ಲ: ಎರೆ ನೆಲ ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ, ತಳಪಾಯ ಆಳವಿಲ್ಲದಿದ್ದರೆ ಸಿಮೆಂಟಿನ ಗೋಡೆಯೂ ಸೀಳುತ್ತದೆ.

"ಸರ್ವೆ ಆಯಿತು, ಪರಿಹಾರ ಬಂತು, ಇನ್ನೇನು ಗೋಳು?" ಎಂಬುದಕ್ಕೆ ಮಾತ್ರ ನನಗೆ ಸಿಟ್ಟು ಬರುತ್ತದೆ. 2019ರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಹಾಳಾದ 'ಎ' ವರ್ಗದ ಮನೆಗೆ 5 ಲಕ್ಷ ರೂಪಾಯಿ, ಅಲ್ಪ ಹಾನಿಯ 'ಸಿ' ವರ್ಗಕ್ಕೆ 50 ಸಾವಿರ. ಆದರೆ ನೀರಿನಲ್ಲಿ ನಿಂತ ಗೋಡೆ ಬಿಸಿಲಿಗೆ ಬೀಳಬಹುದು. ಮೇಲಿನ ಭಾಗ ಒಣಗಿ ಬಿರಿಯುತ್ತದೆ, ಬುಡ ಇನ್ನೂ ಹಸಿ, ತಲೆಯ ಮೇಲೆ ಮಳೆಗೆ ನೆನೆದು ಭಾರವಾದ ಮಾಳಿಗೆಯ ಮಣ್ಣು. ಸರ್ವೆಯ ದಿನ ನೆಟ್ಟಗೆ ನಿಂತದ್ದು ಕಾಗದದಲ್ಲಿ 'ಸಿ' ಆಗುತ್ತದೆ. ಹದಿನೈದು ದಿನಕ್ಕೆ ಕುಸಿದರೆ ಆ ಅಕ್ಷರ ತಿದ್ದಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಮನೆಯವರು ನಾಟಕವಾಡುತ್ತಾರೆ ಎಂದು ಅನುಮಾನಿಸುವವರು ಗೋಡೆಯ ಬುಡಕ್ಕೆ ಒಮ್ಮೆ ಬೆರಳು ಚುಚ್ಚಿ ನೋಡಲಿ.

"ಬೇಗ ತೊಳೆದು ಒಳಸೇರಿ" ಎಂಬ ಸಲಹೆಯಲ್ಲಿ ಅರ್ಧ ಒಪ್ಪುತ್ತೇನೆ. ಫೋಟೊ ತೆಗೆದಿಟ್ಟುಕೊಂಡು ರಾಡಿಯನ್ನು ಗಟ್ಟಿಯಾಗುವ ಮೊದಲೇ ಎತ್ತಬೇಕು, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಬೇಕು, ವೈರಿಂಗ್ ಬಲ್ಲವರು ನೋಡುವ ತನಕ ಮೇನ್ ಸ್ವಿಚ್ ಮುಟ್ಟಬಾರದು. ಒಳಸೇರಲು ಮಾತ್ರ ಅವಸರ ಬೇಡ. ತೊಲೆಗಳಿಗೆ ಆನಿಕೆ ಕೊಟ್ಟು, ಮಾಳಿಗೆಯ ಹಸಿ ಮಣ್ಣು ಇಳಿಸಿ, ಬಾಗಿಲು ಕಿಟಕಿ ತೆರೆದಿಟ್ಟು ವಾರಗಟ್ಟಲೆ ಕಾಯಬೇಕಾದೀತು. ಅಷ್ಟು ದಿನ ತಗಡಿನ ಶೆಡ್ಡಿನ ಬಾಡಿಗೆ ಯಾರು ಕೊಡುತ್ತಾರೆ ಎಂಬುದನ್ನು ಪರಿಹಾರದ ಲೆಕ್ಕಕ್ಕೆ ಸೇರಿಸಿ. ಮತ್ತೆ, ಆಗಸ್ಟಿನಲ್ಲಿ ಒಮ್ಮೆ ಸರ್ವೆ ಮಾಡಿದವರು ದೀಪಾವಳಿ ಕಳೆದ ಮೇಲೆ ಇನ್ನೊಮ್ಮೆ ಬನ್ನಿ.